ಆನ್‌ಲೈನ್ ಎನ್‌ಎಲ್‌ಪಿ: ದುಡ್ಡು ಕಟ್ಟುವ ಮುನ್ನ ಅಭ್ಯಾಸದ ಗಂಟೆ ಎಣಿಸಿ

ಸಂಪಾದಕರಿಗೆ,

ಮಾನ್ಯರೇ,

ನ್ಯೂರೋ ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್, ಅಂದರೆ ಮಾತು ಮತ್ತು ಕಲ್ಪನೆಯ ತಂತ್ರಗಳಿಂದ ಯೋಚನೆ, ನಡವಳಿಕೆ ಬದಲಿಸಲು ಹೊರಡುವ ಎನ್‌ಎಲ್‌ಪಿ ತರಬೇತಿಗೆ ಆನ್‌ಲೈನ್‌ನಲ್ಲಿ ಸೇರಲು ಹೊರಟವರು ಸಾಮಾನ್ಯವಾಗಿ ಮೂರು ವಿಷಯ ವಿಚಾರಿಸುತ್ತಾರೆ: ಶುಲ್ಕ ಎಷ್ಟು, ಎಷ್ಟು ದಿನ, ಸರ್ಟಿಫಿಕೇಟ್ ಯಾರದು. ಮೂರೂ ಕೇಳಬೇಕಾದವೇ. ಆದರೆ ಅವಕ್ಕಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಬಹುತೇಕ ಬಿಟ್ಟೇಹೋಗುತ್ತದೆ. ನಾನು ಅಭ್ಯಾಸ ಮಾಡುವಾಗ ವಿಷಯ ಬಲ್ಲವರೊಬ್ಬರು ಒಟ್ಟು ಎಷ್ಟು ಹೊತ್ತು ನನ್ನನ್ನು ನೋಡಿ ತಿದ್ದುತ್ತಾರೆ? ಈ ಪತ್ರ ಬರೆಯುತ್ತಿರುವುದು ಮುಖ್ಯವಾಗಿ ಆ ಪ್ರಶ್ನೆಗಾಗಿ.

ಎನ್‌ಎಲ್‌ಪಿ ಓದಿ ತಿಳಿದುಕೊಳ್ಳುವ ವಿದ್ಯೆಗಿಂತ ಹೆಚ್ಚಾಗಿ ಮಾಡಿ ಕಲಿಯುವ ವಿದ್ಯೆ. ಎದುರಿಗಿರುವವರ ಉಸಿರು, ದನಿ, ಮುಖದ ಬಣ್ಣ ಬದಲಾಗುವುದನ್ನು ಗಮನಿಸುವುದು, ಅದಕ್ಕೆ ತಕ್ಕ ಪ್ರಶ್ನೆ ಕೇಳುವುದು, ಸರಿಯಾದ ಗಳಿಗೆಯಲ್ಲಿ ಸುಮ್ಮನಿರುವುದು, ಇದೇ ಅದರ ತಿರುಳು. ವಿಡಿಯೊ ನೋಡಿ ಇದನ್ನು ಕಲಿಯುತ್ತೇನೆಂದರೆ ದಡದಲ್ಲಿ ಕೂತು ಈಜು ಕಲಿತಂತೆ.

'30 ಗಂಟೆಯ ಪ್ರಾಕ್ಟೀಷನರ್ ಕೋರ್ಸ್' ಎಂಬ ಜಾಹೀರಾತನ್ನು ಬಿಡಿಸಿ ನೋಡೋಣ. ಪ್ರಾಕ್ಟೀಷನರ್ ಎಂಬುದು ಈ ತರಬೇತಿಯ ಮೊದಲ ಹಂತ. 20 ಗಂಟೆ ಮೊದಲೇ ಚಿತ್ರೀಕರಿಸಿಟ್ಟ ವಿಡಿಯೊ, 10 ಗಂಟೆ ನೇರ ತರಗತಿ ಎಂದಿಟ್ಟುಕೊಳ್ಳಿ. ಆ 10ರಲ್ಲಿ ಪಾಠ, ಪ್ರಾತ್ಯಕ್ಷಿಕೆ, ಪ್ರಶ್ನೋತ್ತರಕ್ಕೆ 6 ಗಂಟೆ ಹೋದರೆ ಅಭ್ಯಾಸಕ್ಕೆ ಉಳಿಯುವುದು 4. ಅಭ್ಯಾಸ ನಡೆಯುವುದು ಸಾಮಾನ್ಯವಾಗಿ ಮೂವರ ಗುಂಪಿನಲ್ಲಿ: ಒಬ್ಬರು ತಂತ್ರ ನಡೆಸುವವರು, ಒಬ್ಬರು ಅದಕ್ಕೆ ಒಳಗಾಗುವವರು, ಇನ್ನೊಬ್ಬರು ಪಕ್ಕದಲ್ಲಿದ್ದು ಗಮನಿಸುವವರು. ಹಾಗಾಗಿ ತಂತ್ರ ನಡೆಸುವ ಸರದಿ ನಿಮಗೆ ಸಿಗುವುದು ಒಟ್ಟು 80 ನಿಮಿಷ. ಆ ಹಂತದಲ್ಲಿ ಕಲಿಸುವ ತಂತ್ರಗಳನ್ನು ಕಡಿಮೆಯೆಂದರೂ 16 ಎಂದು ಹಿಡಿದರೆ ಒಂದೊಂದಕ್ಕೆ 5 ನಿಮಿಷ. 5 ನಿಮಿಷದಲ್ಲಿ ಎದುರಿಗಿರುವವರ ಸಮಸ್ಯೆ ಏನೆಂದು ಕೇಳಿ ಮುಗಿಸುವುದೂ ಕಷ್ಟ. ಪ್ರಾಕ್ಟೀಷನರ್ ಹಂತಕ್ಕೆ 120 ಗಂಟೆ ಅಥವಾ ಅದರ ಆಸುಪಾಸಿನ ಅವಧಿ ಬೇಕೆಂದು ಹೇಳುವ ಸಂಘಗಳಿವೆ. ಒಂದು ವಾರದಲ್ಲಿ ಮುಗಿಸುವ ಶಾಲೆಗಳೂ ಇವೆ. ನಾಲ್ಕಾರು ತಂತ್ರಗಳನ್ನಷ್ಟೇ ಹೇಳಿಕೊಡುವ ಪರಿಚಯ ಶಿಬಿರವಾದರೆ 30 ಗಂಟೆಯ ಬಗ್ಗೆ ತಕರಾರಿಲ್ಲ. ಅದೇ 30 ಗಂಟೆಗೆ ಪ್ರಾಕ್ಟೀಷನರ್ ಎಂಬ ಹಣೆಪಟ್ಟಿ ಹಚ್ಚುವುದು ತಪ್ಪು.

ಇನ್ನು ನೋಡುವ ಕಣ್ಣಿನ ಲೆಕ್ಕ. 24 ಜನರ ತರಗತಿಯನ್ನು ಮೂವರಂತೆ 8 ಬ್ರೇಕ್‌ಔಟ್ ರೂಮುಗಳಿಗೆ, ಅಂದರೆ ವಿಡಿಯೊ ಕರೆಯೊಳಗಿನ ಪ್ರತ್ಯೇಕ ಪುಟ್ಟ ಕೋಣೆಗಳಿಗೆ, ಹಂಚಿ 40 ನಿಮಿಷ ಕೊಡುತ್ತಾರೆ. ತರಬೇತುದಾರರು ಒಬ್ಬರೇ ಇದ್ದರೆ ಒಂದೊಂದು ಕೋಣೆಗೆ ಅವರು ಇಣುಕುವುದು 5 ನಿಮಿಷ. ಆ ಹೊತ್ತಿಗೆ ಯಾರ ಸರದಿ ನಡೆಯುತ್ತಿದೆಯೋ ಅವರದನ್ನಷ್ಟೇ ನೋಡುತ್ತಾರೆ, ಉಳಿದಿಬ್ಬರು ಲೆಕ್ಕಕ್ಕಿಲ್ಲ. ಅದೇ ತರಗತಿಗೆ ಮೂವರು ಸಹಾಯಕರಿದ್ದರೆ ನೋಡುವವರು ನಾಲ್ವರಾಗಿ ತಲಾ ಎರಡು ಕೋಣೆ ಬರುತ್ತದೆ, ಕೋಣೆಗೆ 20 ನಿಮಿಷ ಸಿಗುತ್ತದೆ. ವ್ಯತ್ಯಾಸ ನಾಲ್ಕು ಪಟ್ಟು. ಅಷ್ಟಕ್ಕೂ ಮೂವರಿಗೆ 40 ನಿಮಿಷವೇ ಸಾಲದು. 15 ನಿಮಿಷ ತಂತ್ರ, 5 ನಿಮಿಷ ಫೀಡ್‌ಬ್ಯಾಕ್ ಎಂದು ತಲಾ 20 ನಿಮಿಷ ಹಿಡಿದರೆ ಒಂದು ಸುತ್ತಿಗೆ ಪೂರ್ತಿ ಒಂದು ಗಂಟೆ ಬೇಕು. 'ಹತ್ತು ನಿಮಿಷ ಅಭ್ಯಾಸ ಮಾಡಿ ಬನ್ನಿ' ಎಂದು ಕೋಣೆಗೆ ಕಳಿಸುವ ಕಡೆ ಮೊದಲ ಮೂರು ನಿಮಿಷ ಯಾರು ಮೊದಲು ಎಂದು ತೀರ್ಮಾನಿಸುವುದರಲ್ಲೇ ಕಳೆದಿರುತ್ತದೆ.

ಆದ್ದರಿಂದ ಸೇರುವ ಮುನ್ನ ಇಮೇಲ್‌ನಲ್ಲಿ ಕೇಳಿ: ನೇರ ತರಗತಿ ಎಷ್ಟು ಗಂಟೆ, ಅದರಲ್ಲಿ ಗುಂಪಿನ ಅಭ್ಯಾಸ ಎಷ್ಟು, ಎಷ್ಟು ಜನರಿಗೆ ಒಬ್ಬ ಸಹಾಯಕರು, ಕೊನೆಯಲ್ಲಿ ಮೌಲ್ಯಮಾಪನ ಹೇಗೆ. ಬಹು ಆಯ್ಕೆಯ ಪ್ರಶ್ನೆಪತ್ರಿಕೆಯೊಂದನ್ನೇ ಮೌಲ್ಯಮಾಪನ ಎನ್ನುವುದಾದರೆ ಅಲ್ಲಿ ಕೌಶಲದ ಪರೀಕ್ಷೆ ಆಗುತ್ತಿಲ್ಲ. ಒಂದು ಪೂರ್ಣ ಸೆಷನ್ ನಡೆಸುವುದನ್ನು ನೇರವಾಗಿಯೋ ರೆಕಾರ್ಡಿಂಗ್‌ನಲ್ಲೋ ನೋಡಿ, ಎಲ್ಲಿ ಎಡವಿದಿರಿ ಎಂದು ಬರೆದು ತಿಳಿಸುವ ಕಡೆ ಶುಲ್ಕ ಹೆಚ್ಚಿದ್ದರೂ ಕೊಡಬಹುದು. ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ. ಫೋನಿನಲ್ಲಿ ಹೇಳಿದ ಗಂಟೆಗಳು ಆಮೇಲೆ ಕರಗಿಹೋಗುತ್ತವೆ.

ಕಲಿಯುವ ವಿದ್ಯೆಯ ಹಿನ್ನೆಲೆಯೂ ಗೊತ್ತಿರಬೇಕು. ಎನ್‌ಎಲ್‌ಪಿ ಹುಟ್ಟಿದ್ದು 1970ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಆವರಣದಲ್ಲಿ. ಅಲ್ಲಿ ವಿದ್ಯಾರ್ಥಿಯಾಗಿದ್ದ ರಿಚರ್ಡ್ ಬ್ಯಾಂಡ್ಲರ್ ಮತ್ತು ಭಾಷಾಶಾಸ್ತ್ರ ಕಲಿಸುತ್ತಿದ್ದ ಜಾನ್ ಗ್ರಿಂಡರ್ ಸೇರಿ, ಗೆಸ್ಟಾಲ್ಟ್ ಚಿಕಿತ್ಸೆಯ ಫ್ರಿಟ್ಜ್ ಪರ್ಲ್ಸ್, ಕುಟುಂಬ ಚಿಕಿತ್ಸೆಯ ವರ್ಜೀನಿಯಾ ಸಟೀರ್, ಸಮ್ಮೋಹನ ಚಿಕಿತ್ಸೆಯ ಮಿಲ್ಟನ್ ಎರಿಕ್‌ಸನ್ ಇವರ ಮಾತಿನ ಧಾಟಿಯನ್ನು ಬಿಡಿಸಿ ನೋಡಿ ಮಾದರಿಗಳನ್ನಾಗಿ ಮಾಡಿದರು. ಅವರಿಬ್ಬರ ಮೊದಲ ಪುಸ್ತಕ ಬಂದದ್ದು 1975ರಲ್ಲಿ. ಹೆಸರಿನಲ್ಲಿ 'ನ್ಯೂರೋ' ಇದ್ದ ಮಾತ್ರಕ್ಕೆ ಇದು ನರವಿಜ್ಞಾನದ ಶಾಖೆಯಲ್ಲ. ಮೆದುಳಿನ ಚಿತ್ರ ತೋರಿಸಿ 'ಹೊಸ ನರಮಾರ್ಗ ಕೂರಿಸುತ್ತೇವೆ' ಎನ್ನುವವರು ತಮ್ಮ ವಿದ್ಯೆಗಿಲ್ಲದ ಅಧಿಕಾರವನ್ನು ಎರವಲು ತರುತ್ತಿದ್ದಾರೆ.

ಪುರಾವೆಯ ವಿಷಯದಲ್ಲಿ ಮುಚ್ಚುಮರೆ ಬೇಡ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಸಮಿತಿ 1988ರ ವರದಿಯಲ್ಲಿಯೇ ಎನ್‌ಎಲ್‌ಪಿಯ ಮೂಲ ಸಿದ್ಧಾಂತಕ್ಕೆ ಆಧಾರ ತೀರಾ ಕಡಿಮೆ ಎಂದಿತ್ತು. 2012ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಜನರಲ್ ಪ್ರಾಕ್ಟೀಸ್‌ನಲ್ಲಿ ಬಂದ ವ್ಯವಸ್ಥಿತ ವಿಮರ್ಶೆ, ಮಾನದಂಡಕ್ಕೆ ಹೊಂದಿದ 10 ಅಧ್ಯಯನಗಳನ್ನು ನೋಡಿ, ಆರೋಗ್ಯದ ಸಮಸ್ಯೆಗಳಲ್ಲಿ ಇದು ಫಲ ಕೊಡುತ್ತದೆನ್ನಲು ಹೆಚ್ಚಿನ ಪುರಾವೆ ಇಲ್ಲ ಎಂಬ ತೀರ್ಮಾನಕ್ಕೆ ಬಂತು. ಕಣ್ಣು ಯಾವ ಕಡೆ ಹೊರಳುತ್ತದೆ ಎಂಬುದರಿಂದ ಸುಳ್ಳು ಹಿಡಿಯಬಹುದೆಂಬ ನಂಬಿಕೆಯನ್ನು ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು ಅದೇ ವರ್ಷ ಪರೀಕ್ಷಿಸಿದರು, ಅದು ನಿಲ್ಲಲಿಲ್ಲ. 'ಸಂವಹನದಲ್ಲಿ ಪದಗಳ ಪಾಲು ಬರೀ ಶೇ 7' ಎಂಬ ಸ್ಲೈಡ್ ಕೂಡ ತಪ್ಪು ಓದು. ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ನಡೆಸಿದ ಪ್ರಯೋಗಗಳು ಭಾವನೆ ಹಾಗೂ ಇಷ್ಟಾನಿಷ್ಟ ತಿಳಿಸುವ ಸಂದರ್ಭಕ್ಕೆ ಸೀಮಿತವಾಗಿದ್ದವು, ಎಲ್ಲ ಮಾತುಕತೆಗೂ ಅದು ಅನ್ವಯಿಸುವುದಿಲ್ಲವೆಂದು ಅವರೇ ಹೇಳಿದ್ದಾರೆ. ತರಬೇತುದಾರರನ್ನು ಅಳೆಯಲು ಇವು ಒಳ್ಳೆಯ ಒರೆಗಲ್ಲು. ಪರಿಚಯದ ವೆಬಿನಾರ್‌ನಲ್ಲಿ ಈ ಎರಡು ವಿಷಯಗಳ ಬಗ್ಗೆ ಕೇಳಿ. 'ಅದು ಸಾಬೀತಾಗಿಲ್ಲ, ಗಮನಿಸುವ ಅಭ್ಯಾಸಕ್ಕಾಗಿ ಮಾತ್ರ ಕಲಿಸುತ್ತೇವೆ' ಎಂದರೆ ನೆಚ್ಚಿಕೊಳ್ಳಬಹುದು. ಕೆರಳಿದರೆ ಅಥವಾ 'ವಿಜ್ಞಾನಕ್ಕೆ ಇದು ಅರ್ಥವಾಗುವುದಿಲ್ಲ' ಎಂದರೆ ಬೇರೆ ಕಡೆ ನೋಡಿ.

ಹಾಗಾದರೆ ಇದರಲ್ಲಿ ಕಲಿಯುವಂಥದ್ದು ಏನೂ ಇಲ್ಲವೇ? ಇದೆ. ಕಿವಿಗೊಟ್ಟು ಕೇಳುವುದು, ಮಬ್ಬಾದ ಮಾತನ್ನು ಪ್ರಶ್ನೆಯಿಂದ ತಿಳಿಯಾಗಿಸುವುದು, ಗುರಿಯನ್ನು ಕಣ್ಣಿಗೆ ಕಾಣುವಂತೆ ಹೇಳುವುದು, ಇವು ಪಾಠ ಹೇಳುವವರಿಗೆ, ತಂಡ ನಡೆಸುವವರಿಗೆ, ಮಾರಾಟದಲ್ಲಿರುವವರಿಗೆ ನಿಜಕ್ಕೂ ಉಪಯೋಗಕ್ಕೆ ಬರುವ ಕೌಶಲಗಳು. ಅವನ್ನು ಕಲಿಯಲೆಂದು ಸೇರಿದವರಿಗೆ ನಿರಾಸೆ ಕಡಿಮೆ.

ಆನ್‌ಲೈನ್‌ನಲ್ಲಿ ಏನು ಕೆಡುತ್ತದೆ ಎಂಬುದಕ್ಕೆ ಆ್ಯಂಕರಿಂಗ್ ಒಳ್ಳೆಯ ಉದಾಹರಣೆ. ಒಂದು ಭಾವಸ್ಥಿತಿಯನ್ನು ಒಂದು ಸ್ಪರ್ಶಕ್ಕೋ ಪದಕ್ಕೋ ಗಂಟು ಹಾಕಿ, ಬೇಕಾದಾಗ ಮತ್ತೆ ಕರೆಯುವುದು ಈ ತಂತ್ರದ ಉದ್ದೇಶ. ಮುಖಾಮುಖಿ ತರಗತಿಯಲ್ಲಿ ನಡೆಸುವವರು ಒಪ್ಪಿಗೆ ಪಡೆದು, ಎದುರಿನವರ ಉಸಿರು ಆಳವಾಗಿ ಮುಖ ಅರಳುತ್ತಿದ್ದಂತೆ ಅವರ ಮೊಣಕೈ ಅಥವಾ ಬೆರಳ ಗೆಣ್ಣಿನ ಮೇಲೆ ಒತ್ತುತ್ತಾರೆ. ಭಾವ ಏರುವಾಗ ಒತ್ತಬೇಕು, ಇಳಿಯುವ ಮೊದಲು ಬಿಡಬೇಕು. ಸಾಮಾನ್ಯವಾಗಿ 5ರಿಂದ 15 ಸೆಕೆಂಡಿನ ಕೆಲಸ. ವಿಡಿಯೊ ಕರೆಯಲ್ಲಿ ನಡೆಸುವವರ ಕೈ ಅಲ್ಲಿಗೆ ಮುಟ್ಟದು. 'ಈಗ ಒತ್ತಿ' ಎಂದು ಹೇಳಿಸಿದರೆ, ಮುಖದ ಬದಲಾವಣೆ ಇವರ ಪರದೆಗೆ ಬಂದು, ಇವರು ಗುರುತಿಸಿ, ಬಾಯಿಬಿಟ್ಟು, ಆ ದನಿ ಅಲ್ಲಿಗೆ ತಲುಪುವಷ್ಟರಲ್ಲಿ ಭಾವ ತುದಿ ಮುಟ್ಟಿ ಇಳಿಯತೊಡಗಿರುತ್ತದೆ. ಗಂಟು ಬೀಳುವುದು ಇಳಿಯುವ ಭಾವಕ್ಕೆ. ಆಮೇಲೆ ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ, 'ನನಗೆ ಇದೆಲ್ಲ ಹತ್ತುವುದಿಲ್ಲ' ಎಂದು ಕಲಿಯುವವರು ತಮ್ಮನ್ನೇ ದೂರಿಕೊಳ್ಳುತ್ತಾರೆ.

ಬಲ್ಲವರು ಇದನ್ನು ಆನ್‌ಲೈನ್‌ಗೆ ತಕ್ಕಂತೆ ಬದಲಿಸಿಕೊಳ್ಳುತ್ತಾರೆ. ಒತ್ತುವ ಹೊಣೆಯನ್ನು ಎದುರಿನವರಿಗೇ ಬಿಟ್ಟು, ಮೊದಲು ಭಾವದ ಏರಿಳಿತವನ್ನು 0ಯಿಂದ 10ರವರೆಗೆ ತಾವೇ ಹೇಳುವ ಅಭ್ಯಾಸ ಮಾಡಿಸುತ್ತಾರೆ. 6 ಮುಟ್ಟಿದಾಗ ಒತ್ತಿ, 9ರ ಹತ್ತಿರ ಬಿಡಿ ಎಂಬಂಥ ಸೂಚನೆ ಕೊಡುತ್ತಾರೆ. ದಿನಕ್ಕೆ ಹತ್ತು ಸಲ ಸುಮ್ಮನೆ ಮುಟ್ಟಿಕೊಳ್ಳುವ ಗಲ್ಲ, ಹಣೆ, ಹೆಬ್ಬೆರಳು-ತೋರುಬೆರಳಿನ ಜೋಡಿ ಬೇಡವೆಂದು, ಬೇರೆ ಯಾವುದಕ್ಕೂ ಬಳಸದ ಒಂದು ಜಾಗ ಆರಿಸಲು ಹೇಳುತ್ತಾರೆ. ಬೇರೆ ಬೇರೆ ನೆನಪಿನೊಂದಿಗೆ ಅದೇ ಜಾಗದಲ್ಲಿ ಅಷ್ಟೇ ಒತ್ತಡದಲ್ಲಿ ಮೂರ್ನಾಲ್ಕು ಸಲ ಮಾಡಿಸಿ, ನಡುನಡುವೆ ಮನಸ್ಸನ್ನು ಬೇರೆಡೆ ತಿರುಗಿಸುತ್ತಾರೆ: ಎದ್ದು ನಿಂತು ಕುಳಿತುಕೊಳ್ಳಿ, 7ರ ಮಗ್ಗಿಯನ್ನು ಹಿಂದಿನಿಂದ ಹೇಳಿ. ಆಮೇಲೆಯೇ ಪರೀಕ್ಷೆ. ನಡುವಿನ ಈ ಬಿಡುವು ಇಲ್ಲದೆ ಪರೀಕ್ಷಿಸಿದರೆ ಮೊದಲೇ ಇದ್ದ ಖುಷಿಯನ್ನೇ ತಂತ್ರದ ಫಲವೆಂದು ಎಣಿಸುವ ತಪ್ಪಾಗುತ್ತದೆ. ಮಾದರಿ ತರಗತಿಗೆ ಅವಕಾಶವಿದ್ದರೆ ಆ್ಯಂಕರಿಂಗ್ ಕಲಿಸುವ ದಿನವನ್ನೇ ಕೇಳಿ ಕೂರಿ. ಆನ್‌ಲೈನ್ ಎಂದರೆ ಕ್ಯಾಮೆರಾ ಮುಂದೆ ಹಳೆಯ ಪಾಠ ಒಪ್ಪಿಸುವುದೇ, ಅಥವಾ ಯೋಚಿಸಿ ಬದಲಿಸಿದ್ದಾರೆಯೇ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಕ್ಯಾಮೆರಾದ ಮಾತು ಬಂತು. ಲ್ಯಾಪ್‌ಟಾಪ್ ಮುಂದೆ ಒತ್ತಿ ಕೂತವರ ಮುಖ ಮಾತ್ರ ಕಾಣುತ್ತದೆ. ಭುಜ ಏರಿಳಿಯುವುದು, ಬೆರಳು ಹಿಂಡಿಕೊಳ್ಳುವುದು ಕಾಣುವುದಿಲ್ಲ. ಸುಮಾರು ಒಂದು ಮೀಟರ್ ಹಿಂದೆ ಸರಿದು ಸೊಂಟದವರೆಗೆ, ಕೈಗಳೂ ಸೇರಿ ಕಾಣುವಂತೆ ಕೂರಬೇಕು. ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿರಲಿ, ಬೆಳಕು ಮುಂದಿನಿಂದ ಬೀಳಲಿ. ಬೆನ್ನ ಹಿಂದೆ ಕಿಟಕಿ ಇದ್ದರೆ ಮುಖ ಕಪ್ಪಾಗಿ, ಬಣ್ಣದ ಬದಲಾವಣೆ ಯಾರಿಗೂ ಗೊತ್ತಾಗದು. ಮೊಬೈಲನ್ನು ಕೈಯಲ್ಲಿ ಹಿಡಿಯದೆ ಆನಿಸಿಡಿ, ಇಯರ್‌ಫೋನ್ ಬಳಸಿ, ನಿಮ್ಮದೇ ಮುಖ ಕಾಣುವ ಚೌಕವನ್ನು ಮರೆಮಾಡಿ. ಇದನ್ನು ಮೊದಲ ದಿನವೇ ಹೇಳಿಕೊಡದ ತರಬೇತುದಾರರಿಗೆ ಗಮನಿಸುವುದು ಮುಖ್ಯವಲ್ಲವೆಂದೇ ಅರ್ಥ. ದಿನಕ್ಕೆ ಏಳೆಂಟು ಗಂಟೆ ಪರದೆಯ ಮುಂದೆ ಕೂರಿಸುವ ವೇಳಾಪಟ್ಟಿಯನ್ನೂ ಒಪ್ಪಬೇಡಿ. ದಿನಕ್ಕೆ 3 ಗಂಟೆ, ಗಂಟೆಗೊಮ್ಮೆ 10 ನಿಮಿಷ ಬಿಡುವು, ತರಗತಿಗಳ ನಡುವೆ ಎರಡು ಮೂರು ದಿನ ಅಭ್ಯಾಸಕ್ಕೆ, ಹೀಗೆ ಹರಡಿದ್ದು ತಲೆಗೆ ಹತ್ತುತ್ತದೆ.

ಭಾಷೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಇದು ಹೆಸರಿನಲ್ಲೇ ಭಾಷೆಯನ್ನು ಇಟ್ಟುಕೊಂಡ ವಿದ್ಯೆ. ಮೆಟಾ ಮಾಡೆಲ್ ಎಂಬ ಪ್ರಶ್ನಾಕ್ರಮ ಮೂರು ಬಗೆಯ ಕೊರತೆ ಹುಡುಕುತ್ತದೆ: ಮಾತಿನಲ್ಲಿ ಬಿಟ್ಟುಹೋದದ್ದು, ತಿರುಚಿದ್ದು, ಒಂದರಿಂದ ಎಲ್ಲಕ್ಕೂ ಹಬ್ಬಿಸಿದ್ದು. ಅದನ್ನು ಇಂಗ್ಲಿಷಿನಲ್ಲಿ ಕಲಿತು ಪದಕ್ಕೆ ಪದ ಕನ್ನಡಕ್ಕೆ ತಂದರೆ ಕೆಲಸ ಮಾಡುವುದಿಲ್ಲ. ಕನ್ನಡದಲ್ಲಿ ಕರ್ತೃಪದವನ್ನು ಬಿಡುವುದೇ ಸಹಜ. 'ಆಗಲ್ಲ', 'ಬೇಜಾರಾಗಿದೆ', 'ಹಾಗಂದರು' ಎನ್ನುತ್ತೇವೆ. ಪ್ರತಿಯೊಂದಕ್ಕೂ 'ಯಾರು? ಯಾರಿಂದ?' ಎಂದು ಕೇಳುತ್ತ ಹೋದರೆ ಅದು ಪೊಲೀಸ್ ವಿಚಾರಣೆಯಂತೆ ಕೇಳಿಸುತ್ತದೆ. ವ್ಯಾಕರಣ ಬಿಟ್ಟದ್ದು ಯಾವುದು, ಮನಸ್ಸು ಮುಚ್ಚಿಟ್ಟದ್ದು ಯಾವುದು ಎಂದು ಕನ್ನಡದ ಕಿವಿ ಇರುವವರಿಗೆ ಗೊತ್ತಾಗುತ್ತದೆ. 'ಮನೆಯಲ್ಲಿ ನನ್ನ ಮಾತು ನಡೆಯಲ್ಲ' ಎಂದವರಿಗೆ 'ನಿರ್ದಿಷ್ಟವಾಗಿ ಹೇಗೆ?' ಎನ್ನುವುದಕ್ಕಿಂತ 'ಈಚೆಗೆ ಯಾವ ಮಾತು ನಡೆಯಲಿಲ್ಲ, ಹೇಳಿ?' ಎಂದರೆ ಗಂಟು ತಾನಾಗಿ ಸಡಿಲವಾಗುತ್ತದೆ. 'ಯಾವಾಗಲೂ ಹೀಗೇ' ಎಂದರೆ 'ಒಂದು ಸಲವೂ ಬೇರೆ ಥರ ಆಗಿಲ್ಲವಾ?' ಎಂದಷ್ಟೇ ಕೇಳಿದರೆ ಸಾಕು, ದನಿ ಮೆತ್ತಗಿರಬೇಕು.

ಮಿಲ್ಟನ್ ಮಾಡೆಲ್ ಎಂಬ ಸಲಹಾರೂಪದ ಮಾತಿನಲ್ಲಂತೂ ಇಂಗ್ಲಿಷಿನ ಶ್ಲೇಷೆಗಳು, ವಾಕ್ಯದ ನಡುವೆ ಅಡಗಿಸಿದ ಆಜ್ಞೆಗಳು ಕನ್ನಡಕ್ಕೆ ಬಂದಾಗ ಉದುರಿಹೋಗುತ್ತವೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಒತ್ತು ಬೀಳುವ ಜಾಗವೇ ಬೇರೆ. ಆದರೆ ಅನುಭವದ ಬಣ್ಣ, ಗಾತ್ರ, ತೂಕ ಕೇಳುವ ಸಬ್‌ಮೊಡಾಲಿಟಿ ಅಭ್ಯಾಸ ಕನ್ನಡದಲ್ಲಿ ಬಲು ಸಲೀಸು, ಏಕೆಂದರೆ ನಾವು ಭಾವನೆಯನ್ನು ಮೈಯಲ್ಲೇ ಹೇಳುತ್ತೇವೆ. ಎದೆ ಭಾರ, ಹೊಟ್ಟೆಯಲ್ಲಿ ಸಂಕಟ, ಗಂಟಲು ಕಟ್ಟಿತು. 'ಆ ಭಾರ ಎಲ್ಲಿಂದ ಎಲ್ಲಿಯವರೆಗೆ ಇದೆ, ಕಲ್ಲಿನ ಹಾಗೋ ಒದ್ದೆ ಬಟ್ಟೆಯ ಹಾಗೋ?' ಎಂದರೆ ಉತ್ತರ ತಕ್ಷಣ ಬರುತ್ತದೆ. ಸೆಷನ್ ಪಡೆಯುವವರು ತಮಗೆ ಅಳು ಬರುವ ಭಾಷೆ ಯಾವುದೋ ಆ ಭಾಷೆಯಲ್ಲೇ ಪಡೆಯುವುದು ಒಳ್ಳೆಯದು. ಕನ್ನಡದಲ್ಲಿ ಕಲಿಸುತ್ತೇವೆ ಎನ್ನುವವರ ಹತ್ತು ನಿಮಿಷದ ಪ್ರಾತ್ಯಕ್ಷಿಕೆಯನ್ನಾದರೂ ಮೊದಲು ನೋಡಿ.

ತರಬೇತಿ ಬೇರೆ, ಸ್ವಂತ ಸಮಸ್ಯೆಗೆ ಸೆಷನ್ ತೆಗೆದುಕೊಳ್ಳುವುದು ಬೇರೆ. ಎನ್‌ಎಲ್‌ಪಿ ಸರ್ಟಿಫಿಕೇಟ್ ಯಾರನ್ನೂ ಮನೋವೈದ್ಯರನ್ನಾಗಿ ಅಥವಾ ಚಿಕಿತ್ಸಾ ಮನಶ್ಶಾಸ್ತ್ರಜ್ಞರನ್ನಾಗಿ ಮಾಡುವುದಿಲ್ಲ. ತೀವ್ರ ಖಿನ್ನತೆ, ಆತ್ಮಹತ್ಯೆಯ ಯೋಚನೆ, ಇಲ್ಲದ ದನಿ ಕೇಳಿಸುವುದು, ಆಘಾತದ ನಂತರದ ಒತ್ತಡ, ಮದ್ಯ ಅಥವಾ ಮಾದಕ ವ್ಯಸನ, ಊಟ ಬಿಡುವ ಕಾಯಿಲೆ, ಇವುಗಳಿಗೆ ಮೊದಲ ಬಾಗಿಲು ವೈದ್ಯರದು. ಮೂರ್ಛೆರೋಗ ಇರುವವರು ವೈದ್ಯರನ್ನು ಕೇಳದೆ ಟ್ರಾನ್ಸ್, ಅಂದರೆ ಸಮ್ಮೋಹನದಂಥ ಸ್ಥಿತಿಗೆ ಹೋಗುವ ಅಭ್ಯಾಸಕ್ಕೆ ಕೂರಬಾರದು. 'ಮಾತ್ರೆ ನಿಲ್ಲಿಸಬಹುದು' ಎಂಬ ಮಾತು ಸೆಷನ್ ನಡೆಸುವ ಕೋಚ್ ಬಾಯಿಂದ ಬಂದರೆ ಅಲ್ಲಿಗೇ ಕರೆ ಮುಗಿಸಿ.

ಒಳ್ಳೆಯ ಕೋಚ್ ಮೊದಲ ಮಾತುಕತೆಯಲ್ಲಿ ಹೆಚ್ಚು ಕೇಳುತ್ತಾರೆ, ಕಡಿಮೆ ಮಾರುತ್ತಾರೆ. 20-30 ನಿಮಿಷದ ಆ ಕರೆಯಲ್ಲಿ ನಿಮ್ಮ ಗುರಿ ಹೇಗೆ ಬದಲಾಗುತ್ತದೆ ನೋಡಿ. 'ಆತ್ಮವಿಶ್ವಾಸ ಬೇಕು' ಎಂದು ಹೋದವರು ಹೊರಬರುವಾಗ 'ಸೋಮವಾರದ ಸಭೆಯಲ್ಲಿ ಎದ್ದು ನಿಂತು 5 ನಿಮಿಷ ವರದಿ ಓದಬೇಕು, ಆಗ ದನಿ ನಡುಗುವುದು 10ಕ್ಕೆ 8ರಿಂದ 4ಕ್ಕೆ ಇಳಿಯಬೇಕು' ಎನ್ನುವಂತಾಗಿರಬೇಕು. ಎಲ್ಲಿ, ಯಾವಾಗ, ಯಾರ ಜೊತೆ, ಆಗಿದೆ ಎಂದು ಹೇಗೆ ಗೊತ್ತಾಗುತ್ತದೆ, ಗುರಿ ಕೈಗೂಡಿದರೆ ಏನು ಕಳೆದುಕೊಳ್ಳುತ್ತೀರಿ? ಈ ಕೊನೆಯ ಪ್ರಶ್ನೆಯನ್ನು ಬಿಡುವವರೇ ಹೆಚ್ಚು. ಯಾರಿಗೂ ಇಲ್ಲವೆನ್ನಲಾಗದ ಸ್ವಭಾವವನ್ನು ಬದಲಿಸಹೊರಟವರು, ಇಲ್ಲವೆಂದ ದಿನ ಮನೆಯಲ್ಲಿ ಏನಾಗುತ್ತದೆಂದು ಮೊದಲೇ ಯೋಚಿಸಿರದಿದ್ದರೆ ವಾರದಲ್ಲಿ ಹಳೆಯದಕ್ಕೇ ಮರಳುತ್ತಾರೆ, ತಂತ್ರ ಎಷ್ಟೇ ಚೆನ್ನಾಗಿ ನಡೆದಿದ್ದರೂ.

ತೊಂದರೆ ಎಷ್ಟಿದೆ ಎಂಬ 0-10ರ ಅಂಕವನ್ನು ಸೆಷನ್ ಮುನ್ನ, ಮುಗಿದ ಕೂಡಲೇ, ಒಂದು ವಾರದ ನಂತರ, ನಾಲ್ಕು ವಾರದ ನಂತರ ಬರೆದಿಡಿ. ಮುಗಿದ ಕೂಡಲೇ ಬರುವ ಅಂಕವನ್ನು ನಂಬಬೇಡಿ. ಯಾರಾದರೂ ಒಂದು ಗಂಟೆ ಗಮನಕೊಟ್ಟು ಕೇಳಿದರೆ ಯಾರಿಗೂ ಹಗುರವಾಗುತ್ತದೆ. ನಾಲ್ಕನೇ ವಾರದ ಅಂಕವೇ ಲೆಕ್ಕ. ಒಂದು ನಿರ್ದಿಷ್ಟ ಸಮಸ್ಯೆಗೆ 60ರಿಂದ 90 ನಿಮಿಷದ 3ರಿಂದ 6 ಸೆಷನ್ ಸಾಕಾಗಬೇಕು. ಮೂರು ಮುಗಿದರೂ ಅಂಕ ಕದಲದಿದ್ದರೆ ನಿಲ್ಲಿಸುವುದೇ ಲೇಸು. ಹಾಗಾಗಿ 12 ಅಥವಾ 24 ಸೆಷನ್‌ಗಳ ಪ್ಯಾಕೇಜಿಗೆ ಮುಂಗಡ ಕಟ್ಟಬೇಡಿ.

ಭಯ ಹೋಗಲಾಡಿಸುವ ಸೆಷನ್ ಆನ್‌ಲೈನ್‌ನಲ್ಲಿ ಪಡೆಯುವವರು ಇದನ್ನು ಗಮನವಿಟ್ಟು ಓದಬೇಕೆಂದು ಕೋರುತ್ತೇನೆ. ಎನ್‌ಎಲ್‌ಪಿಯ ಪ್ರಸಿದ್ಧ ತಂತ್ರವೊಂದರಲ್ಲಿ ಖಾಲಿ ಚಿತ್ರಮಂದಿರ ಕಲ್ಪಿಸಿಕೊಳ್ಳಲು ಹೇಳುತ್ತಾರೆ. ನೀವು ಸೀಟಿನಲ್ಲಿ ಕೂತಿದ್ದೀರಿ. ಆ ನಿಮ್ಮನ್ನು ಹಿಂದಿನ ಪ್ರೊಜೆಕ್ಟರ್ ಕೋಣೆಯಿಂದ ನೀವೇ ನೋಡುತ್ತಿದ್ದೀರಿ. ಪರದೆಯ ಮೇಲೆ ಭಯದ ಘಟನೆ ಕಪ್ಪು-ಬಿಳುಪಿನಲ್ಲಿ, ಅದು ಶುರುವಾಗುವ ಮುಂಚಿನ ನೆಮ್ಮದಿಯ ಗಳಿಗೆಯಿಂದ ಮುಗಿದ ನಂತರದ ನೆಮ್ಮದಿಯ ಗಳಿಗೆಯವರೆಗೆ ಓಡುತ್ತದೆ. ಆಮೇಲೆ ಚಿತ್ರದ ಒಳಹೊಕ್ಕು, ಬಣ್ಣದಲ್ಲಿ, ಎರಡು ಮೂರು ಸೆಕೆಂಡಿನಲ್ಲಿ ಅದನ್ನು ಹಿಂದಕ್ಕೆ ಓಡಿಸಬೇಕು. ಹೀಗೆ ಕೆಲವು ಸಲ. ಹಲ್ಲಿ, ಎತ್ತರ, ಲಿಫ್ಟ್‌ನಂಥ ಸರಳ ಭಯಕ್ಕೆ ರೂಪಿಸಿದ್ದು ಇದು. ಜೀವನದ ದೊಡ್ಡ ಆಘಾತಕ್ಕೆ ಇದನ್ನು ಮುಟ್ಟುವವರು ಮಾನಸಿಕ ಆರೋಗ್ಯದಲ್ಲಿ ಅರ್ಹತೆ ಪಡೆದವರೇ ಆಗಿರಬೇಕು.

ಇಲ್ಲಿ ತಪ್ಪುವುದು ಏನೆಂದರೆ, ದೂರದಿಂದ ನೋಡಬೇಕಾದವರು ಅರಿವಿಲ್ಲದೆ ನೆನಪಿನ ಒಳಕ್ಕೆ ಜಾರಿಬಿಡುತ್ತಾರೆ. ಉಸಿರು ಬಿಗಿಯುತ್ತದೆ, ಕೈ ಮುಷ್ಟಿಯಾಗುತ್ತದೆ. ಕುತ್ತಿಗೆಯವರೆಗೆ ಮಾತ್ರ ಕಾಣುವ ಕ್ಯಾಮೆರಾದಲ್ಲಿ ಇದು ಕೋಚ್‌ಗೆ ತಡವಾಗಿ ಗೊತ್ತಾಗುತ್ತದೆ, ಅದೇ ಗಳಿಗೆಯಲ್ಲಿ ನೆಟ್ ಕೈಕೊಟ್ಟರಂತೂ ಆ ವ್ಯಕ್ತಿ ಒಬ್ಬರೇ ಭಯದ ನಡುವೆ ಉಳಿಯುತ್ತಾರೆ. ಆದ್ದರಿಂದ ಶುರುವಿನಲ್ಲೇ ಕೋಚ್ ಕೇಳಬೇಕು: ಈಗ ಎಲ್ಲಿದ್ದೀರಿ, ಫೋನ್ ನಂಬರ್ ಏನು, ಹತ್ತಿರದಲ್ಲಿ ಯಾರಿದ್ದಾರೆ, ತುರ್ತಿಗೆ ಯಾರನ್ನು ಕರೆಯಲಿ. ಸಂಪರ್ಕ ಕಡಿದರೆ ಏನು ಮಾಡಬೇಕೆಂಬುದನ್ನೂ ಆಗಲೇ ಹೇಳಿ ಒಮ್ಮೆ ಮಾಡಿಸಬೇಕು. ಕಣ್ಣು ತೆರೆಯಿರಿ, ಪಾದವನ್ನು ನೆಲಕ್ಕೆ ಒತ್ತಿ, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಜೋರಾಗಿ ಹೇಳಿ, ಒಂದು ನಿಮಿಷದೊಳಗೆ ಫೋನ್ ಬರುತ್ತದೆ. ಇಷ್ಟು ಕೇಳದೆ 'ಕಣ್ಣು ಮುಚ್ಚಿ' ಎನ್ನುವವರ ಮುಂದೆ ಕಣ್ಣು ಮುಚ್ಚಬೇಡಿ. ಗುಂಪಿನ ತರಗತಿಯಲ್ಲಿ ಅಭ್ಯಾಸಕ್ಕೆ ಆರಿಸುವ ವಿಷಯವೂ 10ಕ್ಕೆ 3-4ರಷ್ಟು ತೊಂದರೆ ಕೊಡುವಂಥದ್ದಾಗಿರಲಿ, ಅದಕ್ಕಿಂತ ದೊಡ್ಡದು ಬೇಡ.

ಉಚಿತ ವೆಬಿನಾರ್‌ಗಳ ಮಾತು ಕೇಳುವಾಗ ಇದೇ ವಿದ್ಯೆಯ ಉಪಕರಣ ನಿಮ್ಮ ಕೈಯಲ್ಲಿರಲಿ. 'ನೀವು ಬಿಡುವು ಮಾಡಿಕೊಂಡು ಬಂದಿದ್ದೀರಿ, ನನ್ನ ಮಾತು ಕೇಳುತ್ತಿದ್ದೀರಿ, ಏನೋ ಬದಲಾಗಬೇಕು ಎಂದು ಒಳಗೆ ಅನ್ನಿಸಿದೆ, ಆ ಬದಲಾವಣೆ ಇವತ್ತೇ ಶುರುವಾಗುತ್ತದೆ.' ಮೊದಲ ಮೂರು ಮಾತಿಗೆ ತಲೆಯಾಡಿಸದೆ ಇರಲಾಗದು, ಏಕೆಂದರೆ ಅವು ನಿಜ. ನಾಲ್ಕನೆಯದು ಅವುಗಳ ಹೆಗಲೇರಿ ಬರುತ್ತದೆ. ಇದಕ್ಕೆ ಜೊತೆಸಾಗಿ ಮುನ್ನಡೆಸುವುದು ಎನ್ನುತ್ತಾರೆ, ಪ್ರಾಕ್ಟೀಷನರ್ ಹಂತದ ಮೊದಲ ಪಾಠಗಳಲ್ಲೇ ಇದು ಬರುತ್ತದೆ. ಕೂಡಲೇ ಮೆಟಾ ಮಾಡೆಲ್ ಪ್ರಶ್ನೆ ಹಾಕಿಕೊಳ್ಳಿ: ಏನು ಬದಲಾಗುತ್ತದೆ? ಯಾವುದಕ್ಕೆ ಹೋಲಿಸಿದರೆ? ಹೇಗೆ ಅಳೆದರು? ಆಗದವರು ಎಷ್ಟು ಜನ? 'ಇನ್ನು 15 ನಿಮಿಷ ಮಾತ್ರ ರಿಯಾಯಿತಿ' ಎಂಬ ಗಡಿಯಾರ ಪರದೆಯ ಮೇಲೆ ಕಂಡರೆ ಆ ದಿನ ದುಡ್ಡು ಕಟ್ಟುವುದಿಲ್ಲವೆಂದು ಮೊದಲೇ ಗಟ್ಟಿಮಾಡಿಕೊಂಡಿರಿ. ಕಲಿಸುವ ವಿದ್ಯೆಯನ್ನು ಕಲಿಯಬಂದವರ ಮೇಲೇ ಒಪ್ಪಿಗೆಯಿಲ್ಲದೆ ಪ್ರಯೋಗಿಸುವವರಿಂದ ನೀತಿ ಕಲಿಯಲಾಗದು.

ಸರ್ಟಿಫಿಕೇಟಿನ ಬಗ್ಗೆ ಹೇಳುವುದು ಸ್ವಲ್ಪವೇ. ಇಡೀ ಜಗತ್ತಿಗೆ ಒಂದೇ ಮಾನ್ಯತಾ ಮಂಡಳಿ ಎಂಬುದು ಈ ಕ್ಷೇತ್ರದಲ್ಲಿಲ್ಲ. ಹಲವು ಸಂಘಗಳಿವೆ, ಅವುಗಳಲ್ಲಿ ಕೆಲವನ್ನು ತರಬೇತುದಾರರೇ ಕಟ್ಟಿಕೊಂಡಿರುತ್ತಾರೆ. ಅಂತರರಾಷ್ಟ್ರೀಯ ಎಂಬ ಪದ ಮುದ್ರೆಯಲ್ಲಿದ್ದರೆ ಅದಕ್ಕೆ ವಿಶೇಷ ಅರ್ಥವಿಲ್ಲ. ಆ ಸಂಘದ ಸದಸ್ಯರ ಪಟ್ಟಿಯಲ್ಲಿ ತರಬೇತುದಾರರ ಹೆಸರಿದೆಯೇ, ಆನ್‌ಲೈನ್ ಗಂಟೆಗಳನ್ನು ಆ ಸಂಘ ಒಪ್ಪುತ್ತದೆಯೇ, ದೂರು ಕೊಡುವ ವ್ಯವಸ್ಥೆ ಇದೆಯೇ ಎಂದು ನೇರವಾಗಿ ಸಂಘಕ್ಕೇ ಬರೆದು ಕೇಳಿ. ಪ್ರಾಕ್ಟೀಷನರ್, ಮಾಸ್ಟರ್, ಟ್ರೈನರ್ ಮೂರೂ ಹಂತ ಒಂದೇ ಪ್ಯಾಕೇಜಿನಲ್ಲಿ ಕೆಲವು ವಾರಗಳಲ್ಲಿ ಕೊಡುವ ಕಡೆ ಹೋಗಬೇಡಿ. ಪ್ರಾಕ್ಟೀಷನರ್ ಮುಗಿಸಿ ಆರು ತಿಂಗಳಾದರೂ ನಿಜವಾದ ಜನರೊಂದಿಗೆ ಅಭ್ಯಾಸ ಮಾಡದೆ ಮಾಸ್ಟರ್‌ಗೆ ಹೋದವರಿಗೆ ಅಲ್ಲಿನ ಪಾಠ ಇಳಿಯುವುದಿಲ್ಲ. ಶುಲ್ಕದಲ್ಲಿ ಪರೀಕ್ಷೆ, ಪಠ್ಯ, ಸದಸ್ಯತ್ವ, ಮರುಮೌಲ್ಯಮಾಪನ ಸೇರಿದೆಯೇ, ಮೊದಲ ತರಗತಿಯ ನಂತರ ಬಿಟ್ಟರೆ ಎಷ್ಟು ಹಿಂದಿರುಗುತ್ತದೆ, ಇವೂ ಕಾಗದದಲ್ಲಿರಲಿ.

ರೆಕಾರ್ಡಿಂಗ್ ವಿಷಯ ಉಳಿಯಿತು. ತರಗತಿಯ ಪಾಠವನ್ನು ರೆಕಾರ್ಡ್ ಮಾಡಿ ಹಂಚುವುದರಿಂದ ಕಲಿಕೆಗೆ ಸಹಾಯವಿದೆ. ಆದರೆ ಪ್ರಾತ್ಯಕ್ಷಿಕೆಗೆ ಕೂತ ಒಬ್ಬರು ತಮ್ಮ ಮನೆಯ ದುಃಖ ಹೇಳಿಕೊಂಡದ್ದೂ ಅದರಲ್ಲಿ ಸೇರಿ 24 ಜನರ ಮೊಬೈಲಿಗೆ ಹೋಗುತ್ತದೆ. ಪ್ರಾತ್ಯಕ್ಷಿಕೆ ಮತ್ತು ಬ್ರೇಕ್‌ಔಟ್ ರೂಮುಗಳಲ್ಲಿ ರೆಕಾರ್ಡಿಂಗ್ ನಿಲ್ಲಿಸುತ್ತಾರೆಯೇ ಎಂದು ಕೇಳಿ. ಖಾಸಗಿ ಸೆಷನ್ ಆದರೆ ಲಿಖಿತ ಒಪ್ಪಿಗೆಯಿಲ್ಲದೆ ರೆಕಾರ್ಡ್ ಮಾಡಕೂಡದು, ಜಾಹೀರಾತಿಗೆ ಬಳಸಕೂಡದು. ಮಾಡಿದ್ದರೆ ಯಾರ ಬಳಿ, ಎಷ್ಟು ದಿನ ಇರುತ್ತದೆ ಎಂದು ಒಪ್ಪಂದದಲ್ಲಿ ಬರೆಸಿ, ಅವಧಿ ಮುಗಿದ ದಿನ ಅಳಿಸಿದ್ದೇವೆಂಬ ಇಮೇಲ್ ತರಿಸಿಕೊಳ್ಳಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ